ಹಿಮ್ಮಡಿಯ ಹಿಂದೆ ಒಂದು ಬೆರಳು

“ಮಡಚ್ಕೊಂತು ನೋಡ್ರಿ ಸಾಹೇಬ್ರ,” ಎಂದ ಓಬಯ್ಯ.

ಅವನು ಬೂಟಿನೊಳಕ್ಕೆ ತಳ್ಳಿದ್ದು ಪಾದದ ಆಕಾರಕ್ಕೆ ಕತ್ತರಿಸಿದ ದಪ್ಪ ಕಾಗದ. ಅರ್ಧ ದಾರಿ ಸರಾಗವಾಗಿ ಜಾರಿದ ಕಾಗದ ತುದಿಗೆ ಹೋಗಿ ತಡೆದು, ಹೆಬ್ಬೆರಳಿನ ಜಾಗದಲ್ಲಿ ಮೇಲಕ್ಕೆ ಬಾಗಿಬಿಟ್ಟಿತ್ತು.

ಸಬ್ ಇನ್ಸ್‌ಪೆಕ್ಟರ್ ನರಸಪ್ಪ ಟೋಪಿ ತೆಗೆದು ಪಕ್ಕಕ್ಕಿಟ್ಟು, ಬೂಟಿನ ಬಾಯಿಗೆ ಕಣ್ಣು ಹಚ್ಚಿ ನೋಡಿದ.

“ಇದು ಯಾರ ಅಳತಿ?”

“ಸತ್ತೋದ ಚಿತ್ತಪ್ಪಂದ್ರಿ. ನಾನ ಅವನ್ನ ಈ ಹಲಗಿ ಮ್ಯಾಲೆ ನಿಲ್ಲಿಸಿ, ಪಾದದ ಸುತ್ತ ಸೀಸದಕಡ್ಡಿ ಓಡಿಸೀನಿ. ಕುಂತಾಗ ತಗೊಂಡಿದ್ದಲ್ಲ, ನಿಂತಾಗ. ಬೆಳಿಗ್ಗೆ ತಗೊಂಡಿದ್ದಲ್ಲ, ಸಂಜಿಗೆ. ಕಾಲು ದಿನವೆಲ್ಲ ನಡದು ಉಬ್ಬಿರತೈತಲ್ರಿ, ಆ ಹೊತ್ತಿನಾಗ.”

“ಅಂದ್ರ ಈ ಬೂಟು?”

“ಅವಂದಲ್ರಿ.”

“ಅವನ ಕಾಲಾಗಿಂದ ನಾನ ಬಿಚ್ಚಿಸೀನಿ ಓಬಯ್ಯ.”

“ಕಾಲಾಗಿತ್ತು, ಖರೆ. ಅವಂದಲ್ಲ ಅಂತೀನಿ.”

ರಾಯದುರ್ಗದ ಬೆಟ್ಟದ ಕಲ್ಲಿನಿಂದ ಉರುಳಿ ಚಿತ್ತಪ್ಪ ಸತ್ತು ಹತ್ತು ದಿನ. ಅವನನ್ನು ಬೆನ್ನ ಮೇಲೆ ಹೊತ್ತು ಕೆಳಗೆ ತಂದ ಕುರಿಗಾಹಿ ಯರ್ರಿಸ್ವಾಮಿ ಲಾಕಪ್ಪಿಗೆ ಬಿದ್ದೂ ಹತ್ತೇ ದಿನ. ಬರುವ ಸೋಮವಾರ ಅವನನ್ನು ಅನಂತಪುರಕ್ಕೆ ಒಯ್ಯಬೇಕು. ಕಳ್ಳತನ, ಕೊಲೆ, ಎರಡೂ ಅವನ ತಲೆಯ ಮೇಲೆ. ಅದಕ್ಕೆ ಆಧಾರ ನರಸಪ್ಪನ ಪುಸ್ತಕದಲ್ಲಿ ನರಸಪ್ಪನೇ ಬರೆದುಕೊಂಡ ಒಂದೇ ಒಂದು ಮಾತು.

ಆ ಮಾತು ಅವನಿಗೆ ನಿದ್ದೆ ಕೊಡುತ್ತಿರಲಿಲ್ಲ.

“ಇಷ್ಟು ಸಣ್ಣ ಬೂಟು ಹಾಕ್ಕೊಂಡು ಅವನು ಬೆಟ್ಟ ಹತ್ತಿದ್ಹೆಂಗ? ಹೆಜ್ಜಿ ಇಡ್ತಿದ್ದಂಗ ಗೊತ್ತಾಗಂಗಿಲ್ಲೇನು?”

ಓಬಯ್ಯ ನಕ್ಕ. ಬಳ್ಳಾರಿಯ ದಂಡಿನಲ್ಲಿ ಹದಿನಾಲ್ಕು ವರ್ಷ ಸೋಜರರ ಬೂಟಿಗೆ ಅಟ್ಟೆ ಹೊಲಿದವನು. ಕಾಲಿನ ವಿಚಾರಕ್ಕೆ ಬಂದರೆ ಅವನಿಗೆ ಪೊಲೀಸರ ಹೆದರಿಕೆ ಇರಲಿಲ್ಲ.

“ಗೊತ್ತಾಗಂಗಿಲ್ರಿ. ಅದ ಈ ಬೂಟಿನ ಮಾಯ. ನಮ್ಮ ಮೆಟ್ಟು ಕಾಲು ಹೆಂಗ ಬಗ್ಗತೈತೋ ಹಂಗ ಬಗ್ಗತೈತಿ. ಇದು ಹಿಮದ ಬೆಟ್ಟ ಹತ್ತಾಕ ಮಾಡಿದ್ದು, ಅಟ್ಟಿ ಮರದ ಹಲಗಿ ಇದ್ದಂಗ. ಬೆಳಿಗ್ಗೆ ಕಾಲು ಸಣ್ಣದಿರತೈತಿ, ಹಾಕ್ಕೊಂಡ್ರ ಹೋಗತೈತಿ. ಹತ್ತುವಾಗ ಭಾರೆಲ್ಲ ಹಿಮ್ಮಡಿ ಕಡಿಗೆ, ಬೆರಳಿಗೆ ಏನೂ ಅನ್ನಸಂಗಿಲ್ಲ. ಇಳಿಯಾಕ ಹತ್ತಿದ ಮ್ಯಾಲೆ ಐತ್ರಿ ಹಬ್ಬ. ಒಂದೊಂದು ಹೆಜ್ಜಿಗೂ ಹೆಬ್ಬೆರಳು ಮುಂದಿನ ಗ್ವಾಡಿಗೆ ಬಡೀತೈತಿ. ಹತ್ತು ಮೆಟ್ಲ ಇಳಿಯೂದ್ರಾಗ ಕಣ್ಣಾಗ ನೀರು. ಆಮ್ಯಾಲೆ ಮನುಷ್ಯಾ ಪಾದ ಪೂರಾ ಊರಂಗಿಲ್ಲ. ಊರಲಿಲ್ಲ ಅಂದ್ರ…”

ಅವನು ಬೆಟ್ಟದ ಕಡೆ ನೋಡಿದ.

ನರಸಪ್ಪನಿಗೆ ಹೆಣದ ಕಾಲು ನೆನಪಾಯಿತು. ಎರಡೂ ಹೆಬ್ಬೆರಳ ಉಗುರು ಕಪ್ಪಗೆ ಕಂದಿದ್ದವು. ಬಿದ್ದ ಪೆಟ್ಟು ಎಂದು ಡಾಕ್ಟರರು ಬರೆದಿದ್ದರು. ಬಿದ್ದವನಿಗೆ ಎರಡೂ ಕಾಲಿಗೆ ಒಂದೇ ಜಾಗದಲ್ಲಿ ಪೆಟ್ಟಾಗುವುದು ಹೇಗೆ ಎಂದು ಯಾರೂ ಕೇಳಿರಲಿಲ್ಲ.

“ಹಂಗಾರ ಯಾರೂ ನೂಕಿಲ್ಲ.”

“ಅದನ್ನ ನೀವು ಹೇಳಬೇಕ್ರಿ. ನಾ ಬೂಟಿನ ಮಾತಷ್ಟ ಹೇಳ್ತೀನಿ. ಅವನ ಖರೇ ಬೂಟು ನಾ ನೋಡೀನಿ. ವಿಲ್ಮಟ್ ದೊರಿ ಕೊಟ್ಟ ದಪ್ಪ ಉಣ್ಣಿ ಕಾಲುಚೀಲ ಎರಡು ಹಾಕಿಸಿ, ದಾರ ಸಡ್ಲ ಬಿಟ್ಟು, ಪಾದ ಪೂರಾ ಮುಂದಕ್ಕ ತಳ್ಳು ಅಂದೆ. ಹಿಮ್ಮಡಿ ಹಿಂದ ನನ್ನ ಬೆರಳು ಇಳಿಸಿದೆ. ಒಂದು ಬೆರಳು ಹಿಡೀಬೇಕು. ಹಿಡೀದಿದ್ರ ಸಣ್ಣದು. ಎರಡು ಹಿಡದ್ರ ದೊಡ್ಡದು, ಹಿಮ್ಮಡಿ ಎದ್ದೆದ್ದು ಬೊಬ್ಬೆ ಬರ್ತಾವ. ಚಿತ್ತಪ್ಪಗ ಒಂದು ಬೆರಳು, ಅದರ ಮ್ಯಾಲೆ ಒಂದು ಕೂದಲಷ್ಟು. ‘ಒಳಗ ಎಳೇ ಕುರಿ ಉಣ್ಣಿ ಕಂಬಳಿ ತುಂಡು ಕೂಡ್ಸು, ಚಲೋ ಆಗತೈತಿ’ ಅಂದಿದ್ದೆ. ಕೂಡಿಸಿದ್ನೋ ಬಿಟ್ನೋ.”

ಈ ಬೂಟಿನಲ್ಲಿ ಕಂಬಳಿಯ ಎಳೆಯೂ ಇರಲಿಲ್ಲ.

ಬದಲಾಯಿಸಿದವರು ಯಾರು? ನರಸಪ್ಪನ ಮನಸ್ಸು ನೇರವಾಗಿ ಒಬ್ಬನ ಹತ್ತಿರ ಹೋಗಿ ನಿಂತಿತು. ವಿಲ್ಮಟ್ ದೊರೆ ಹಿಮಾಲಯಕ್ಕೆ ಹೊರಟವನು, ಜೊತೆಗೆ ಈ ಸೀಮೆಯ ಒಬ್ಬನೇ ಒಬ್ಬನನ್ನು ಕರೆದೊಯ್ಯುವೆನೆಂದಿದ್ದ. ಅಭ್ಯಾಸಕ್ಕೆ ಆರಿಸಿದ್ದು ಇಬ್ಬರನ್ನು: ರತ್ನಗಿರಿಯ ಚಿತ್ತಪ್ಪ, ಅಮರಾಪುರದ ಜಯಣ್ಣ. ತಿಂಗಳ ಕೊನೆಗೆ ಯಾರ ಕಾಲು ಹುಣ್ಣಾಗದೆ ಉಳಿದಿರುತ್ತದೋ ಅವನಿಗೆ ಹಿಮಾಲಯ. ಈಗ ಜಯಣ್ಣ ಒಬ್ಬನೇ ಉಳಿದಿದ್ದ. ದೊರೆಯ ಡೇರೆಯೂ ರಾಯದುರ್ಗದಿಂದ ಎದ್ದು ರತ್ನಗಿರಿ ಕೋಟೆಯ ಕೆಳಕ್ಕೆ ಹೋಗಿತ್ತು.

“ಜಯಣ್ಣನ ಕಾಲು ಇವನಕಿಂತ ಸಣ್ಣದೇನು?”

“ಹೌದ್ರಿ, ಒಂದು ಬೆರಳಿಗಿಂತ ಜಾಸ್ತಿ,” ಎಂದ ಓಬಯ್ಯ, ತನ್ನ ಮಾತಿಗೆ ತಾನೇ ಬೆಚ್ಚಿ. “ನೋಡ್ರಿ ಮತ್ತ, ನನ್ನ ಬಾಯಿಂದ ಇನ್ನೊಬ್ಬನ್ನ ಒಳಗ ಹಾಕಬ್ಯಾಡ್ರಿ.”

ನರಸಪ್ಪ ಪುಸ್ತಕ ತೆರೆದ. ಅಲ್ಲಿತ್ತು ಆ ಮಾತು.

ಎಕ್ಕಡ. ಎಕ್ಕಡ.

ತೆಲುಗಿನಲ್ಲಿ, ಎಲ್ಲಿ ಎಂದು. ಬೆಟ್ಟದ ಬುಡದಲ್ಲಿ ಕುರಿಗಾಹಿ ಚಿತ್ತಪ್ಪನ ಕಾಲ ಬಳಿ ಕುಳಿತು ಬೂಟಿನ ದಾರ ಸಡಿಲಿಸುತ್ತಿದ್ದ. ಸಾಯುವವನು ಅತ್ತಲೇ ನೋಡುತ್ತ ಎರಡು ಸಲ ಅಂದ. ಡೇರೆಯ ಮೇಸ್ತ್ರಿ ಉಚ್ಚಂಗೆಪ್ಪ ಪಕ್ಕದಲ್ಲಿ ಮಂಡಿಯೂರಿದ್ದ. “ಎಲ್ಲಿ ಅಂತ ಕೇಳ್ತಾನ್ರಿ ಸಾಹೇಬ್ರ, ಇವನ್ನ ನೋಡಿ. ದೊರಿ ಹಿತ್ತಾಳಿ ದಿಕ್ಸೂಚಿ ಚಿತ್ತಪ್ಪನ ಹತ್ರ ಇತ್ತು, ಈಗಿಲ್ಲ ನೋಡ್ರಿ,” ಎಂದಿದ್ದ. ಜೇಬು ತಡಕಿದರೆ ದಿಕ್ಸೂಚಿ ಇರಲಿಲ್ಲ. ಅಷ್ಟು ಸಾಕಾಯಿತು.

ಬರೆದದ್ದು ಸರಿಯಾಗಿತ್ತು. ಕೇಳಿದ್ದು?

ನರಸಪ್ಪನ ಅಪ್ಪ ಗುಡಿಯ ಪಡಸಾಲೆಯಲ್ಲಿ ಕಾವ್ಯ ಓದುತ್ತಿದ್ದವರು. ಅಕ್ಷರ ಕಲಿಯುವ ಮುಂಚೆಯೇ ಮಗ ಪದ್ಯ ಕೇಳಿ ಬೆಳೆದವನು. ಕಣ್ಣು ಮುಚ್ಚಿದ್ದರೂ ಅವನಿಗೆ ತಿಳಿಯುತ್ತಿತ್ತು, ಅಪ್ಪನ ದನಿ ಪದದ ತುದಿಯಲ್ಲಿ ಏರಿದರೆ ಯಾರೋ ಯಾರನ್ನೋ ಕೇಳುತ್ತಿದ್ದಾರೆ, ಇಳಿದರೆ ಹೇಳುತ್ತಿದ್ದಾರೆ. ಹತ್ತು ದಿನದಿಂದ ಅವನ ಕಿವಿಯಲ್ಲಿ ಉಳಿದಿದ್ದು ಅದೇ.

ಚಿತ್ತಪ್ಪನ ದನಿ ಏರಿರಲಿಲ್ಲ. ಇಳಿದಿತ್ತು.

*

ಮಾರನೆಯ ಬೆಳಿಗ್ಗೆ ಮೋಟಾರು ಬಸ್ಸಿನ ಬಳಿ ಪಾಲಮ್ಮ ಕಾದು ನಿಂತಿದ್ದಳು. ಯರ್ರಿಸ್ವಾಮಿಯ ಹೆಂಡತಿ. ಗುಮ್ಮಘಟ್ಟದಿಂದ ಕತ್ತಲಲ್ಲೇ ಎದ್ದು ನಡೆದು ಬಂದಿದ್ದಳು. ಸೆರಗಿಗೆ ಕುರಿ ಉಣ್ಣೆಯ ಎಳೆಗಳು ಅಂಟಿದ್ದವು.

“ಸೋಮವಾರ ಕರ್ಕೊಂಡೋಗ್ತಾರಂತಲ್ರಿ?”

“ನೋಡೂಣವ್ವಾ. ನಾ ಅದಕ್ಕಂತಲೇ ಹೊಂಟೀನಿ.”

“ಕುರಿ ಸತ್ರೂ ಅಳೂ ಮನುಷ್ಯಾರಿ ಅಂವ. ಆ ಹುಡುಗನ್ನ ಹೊತ್ಕೊಂಡು ಇಳಿದು ಎದಿ ನೋವು ಮಾಡ್ಕೊಂಡಾನ. ನೂಕಿದಾಂವ ಹೊತ್ಕೊಂತಾನೇನ್ರಿ? ಚಿತ್ತಪ್ಪ ನಮ್ಮನಿಗೂ ಬರ್ತಿದ್ದ್ರಿ. ಕಂಬಳಿ ತುಂಡು…”

ಡ್ರೈವರು ಹಾರನ್ನು ಒತ್ತಿದ. ನರಸಪ್ಪ ಆಗಲೇ ಒಂದು ಕಾಲು ಮೆಟ್ಟಿಲ ಮೇಲಿಟ್ಟಿದ್ದ.

“ಈಗ ಅದೆಲ್ಲ ಬ್ಯಾಡ. ಒಂದು ಮಾತು ಕೇಳು. ಮೇಸ್ತ್ರಿ ಉಚ್ಚಂಗೆಪ್ಪ ಒಬ್ಬನ ಸಾಕ್ಷಿ. ಅವನು ಸಾಕ್ಷಿ ಹೇಳಾಕ ಬರ್ತಾನ. ನಿನ್ನ ಹತ್ರ ಬಂದು ಏನರ ಕೇಳಿದ್ರ ಮುಚ್ಚಿಡಬ್ಯಾಡ, ಎದುರು ಮಾತಾಡಬ್ಯಾಡ. ಅವನ ಮನಸ್ಸು ಕೆಡಿಸ್ಕೊಂಡ್ರ ನಿನ್ನ ಗಂಡಗ ಕಷ್ಟ.”

“ಆತ್ರಿ,” ಎಂದಳು ಪಾಲಮ್ಮ. “ನೀವು ಹೇಳಿದಂಗ.”

ಕಲ್ಯಾಣದುರ್ಗದಲ್ಲಿ ಎದುರಿನಿಂದ ಬಂದ ಬಸ್ಸು ಪಕ್ಕದಲ್ಲೇ ನಿಂತಿತು. ಅದರ ಕಿಟಕಿಯಿಂದ ಯಾರೋ ಕೈ ಬೀಸಿದರು. ಕೆಂಪು ರುಮಾಲು, ಎಲೆಯಡಿಕೆ ತುಂಬಿದ ಬಾಯಿ. ಉಚ್ಚಂಗೆಪ್ಪ.

“ನಮಸ್ಕಾರ್ರಿ ಸಾಹೇಬ್ರ! ರಾಯದುರ್ಗಕ್ಕ ಹೊಂಟೀನ್ರಿ. ಸೋಮವಾರ ಸಾಕ್ಷಿ ಐತಲ್ರಿ!”

“ಮೂರು ದಿನ ಮೊದಲ?”

“ಹಳೇ ಗೆಳ್ಯಾರದಾರ್ರಿ, ಮಾತಾಡ್ಸಿ ಬಿಡೂಣಂತ,” ಎಂದು ಅವನು ನಕ್ಕ. ಎರಡೂ ಬಸ್ಸು ಧೂಳೆಬ್ಬಿಸಿ ಬೇರೆಯಾದವು.

*

ಆ ರಾತ್ರಿ ಮಡಕಶಿರದಲ್ಲಿ ತಂಗಿ, ಶನಿವಾರ ಬೆಳಿಗ್ಗೆ ಎತ್ತಿನ ಗಾಡಿಯಲ್ಲಿ ನರಸಪ್ಪ ರತ್ನಗಿರಿ ತಲುಪಿದಾಗ ಬಿಸಿಲು ಕೋಟೆಯ ಬುರುಜಿಗೆ ಏರಿತ್ತು. ಡೇರೆಯಲ್ಲಿ ಜಯಣ್ಣ ಇರಲಿಲ್ಲ. ಚಿತ್ತಪ್ಪನ ತಾಯಿ ಕದಿರಮ್ಮನ ಮನೆಯಲ್ಲಿದ್ದಾನೆ ಎಂದರು. ದಿನಾ ಬೆಳಿಗ್ಗೆ ಬೆಟ್ಟದಿಂದ ಇಳಿದವನು ಅಲ್ಲಿಗೇ ಹೋಗಿ ಮುದುಕಿಯ ಹಿಪ್ಪುನೇರಳೆ ಸೊಪ್ಪು ಹೊತ್ತು ಹಾಕಿ ಬರುತ್ತಾನಂತೆ.

ಅಪರಾಧಿಗಳಿಗೆ ಇಂಥ ಕರುಣೆ ಬರುವುದನ್ನು ನರಸಪ್ಪ ನೋಡಿದ್ದ. ಕಾಗದದ ಪಾದವನ್ನು ಜೇಬಿನಲ್ಲಿ ಮುಟ್ಟಿ ನೋಡಿಕೊಂಡು ಅವನು ಜಗಲಿಯ ಮೆಟ್ಟಿಲು ಹತ್ತಿ ಒಳಗೆ ಹೆಜ್ಜೆಯಿಟ್ಟ.

“ಎಕ್ಕಡ! ಎಕ್ಕಡ!” ಒಳಗಿನಿಂದ ಹೆಂಗಸಿನ ದನಿ ಗದರಿತು.

ಇಪ್ಪತ್ತು ವರ್ಷ ಎರಡೂ ನುಡಿಯ ಕಚೇರಿಗಳಲ್ಲಿ ತಿರುಗಿದ ಬಾಯಿ, ತಾನಾಗಿಯೇ ಉತ್ತರ ಕೊಟ್ಟಿತು: “ಇಕ್ಕಡೇನಮ್ಮಾ!” ಇಲ್ಲೇ ಇದ್ದೇನಮ್ಮಾ, ಎಂದು.

ಮೂಲೆಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಯುವಕ ಗೊಳ್ಳೆಂದು ನಕ್ಕುಬಿಟ್ಟ.

“ಎಲ್ಲಿ ಅಂತ ಕೇಳ್ಲಿಲ್ಲ ಸ್ವಾಮಿ ಅಜ್ಜಿ. ರೇಷ್ಮೆ ಹುಳ ಸಾಕೋ ಮನೆ ಕಣ್ರಿ ಇದು, ಕಾಲಲ್ಲಿರೋ ಎಕ್ಕಡ ಆಚೆ ಬಿಟ್ಟು ಬನ್ನಿ ಅಂತೈತೆ.”

“ಕಾಲಾಗಿರೋ… ಏನು?”

“ಎಕ್ಕಡ ಸ್ವಾಮಿ. ಮೆಟ್ಟು, ಚಪ್ಪಲಿ, ಬೂಟು. ನಮ್ ಕಡೆ ಕಾಲಿಗೆ ಹಾಕೋದೆಲ್ಲಾ ಎಕ್ಕಡಾನೇ. ನಿಮ್ ರಾಯದುರ್ಗದಾಗೆ ಅನ್ನಾಕಿಲ್ವಾ?”

ನರಸಪ್ಪ ಹೊಸ್ತಿಲಲ್ಲೇ ನಿಂತ. ಮುದುಕಿಯ ದನಿ ಪದದ ತುದಿಯಲ್ಲಿ ಇಳಿದಿತ್ತು. ಮಗನ ದನಿಯ ಹಾಗೆಯೇ.

ಚಿತ್ತಪ್ಪ ಕುರಿಗಾಹಿಯನ್ನು ನೋಡಿರಲಿಲ್ಲ. ತನ್ನ ಕಾಲನ್ನು ನೋಡಿದ್ದ. ಯಾವುದನ್ನೂ ಕೇಳಿರಲಿಲ್ಲ. ತನ್ನನ್ನು ಕೊಂದದ್ದು ಯಾವುದು ಎಂದು ತಾಯಿಯ ಮಾತಿನಲ್ಲಿ ಹೇಳಿದ್ದ, ಎರಡು ಸಲ. ಅದನ್ನು ಕೇಳಿಸಿಕೊಂಡ ನರಸಪ್ಪ ಬೇರೊಂದು ನುಡಿಯಲ್ಲಿ ಬರೆದು, ಹೊತ್ತು ತಂದವನನ್ನೇ ಒಳಗೆ ಹಾಕಿದ್ದ.

“ನರಸಿಂಹಾ,” ಎಂದುಕೊಂಡ. ಬಗ್ಗಿ ಬೂಟು ಬಿಚ್ಚಿ ಮೆಟ್ಟಿಲ ಮೇಲಿಟ್ಟ.

ಕದಿರಮ್ಮ ಚಾಪೆ ಹಾಸಿ, ನೀರಿನ ಚೊಂಬು ಇಟ್ಟಳು. ಅವನು ಕೂರಲಿಲ್ಲ.

“ಜಯಣ್ಣ ಅಂದ್ರ ನೀನಾ?”

“ಹೂಂ ಸ್ವಾಮಿ.”

“ಬೆಟ್ಟಕ್ಕ ಹಾಕೋ ಬೂಟು ಎಲ್ಲಿ?”

“ಜಗಲಿ ಕೆಳಗವ್ರೆ ಮಹಾರಾಯರು. ದಿನಾ ಎಣ್ಣೆ ಕುಡೀತಾರೆ, ಆದ್ರೂ ಬಗ್ಗಾಕಿಲ್ಲ.”

“ತಗೊಂಡು ಬಾ. ಆಚೆ ಕುಂತು ಹಾಕ್ಕೋ.”

ಜಯಣ್ಣನ ನಗು ಮಾಯವಾಯಿತು. ಜಗಲಿಗೆ ಹೋಗಿ ಅವನು ಎರಡು ಜೊತೆ ಕಾಲುಚೀಲ ಎಳೆದುಕೊಂಡು, ಮೊಳೆ ಬಡಿದ ಆ ಬೂಟಿಗೆ ಕಾಲು ತೂರಿಸಿದ. ಕದಿರಮ್ಮ ಬಾಗಿಲಿಗೆ ಒರಗಿ ನಿಂತಳು.

“ದಾರ ಕಟ್ಟಬ್ಯಾಡ. ಎದ್ದು ನಿಲ್ಲು. ಪಾದ ಪೂರಾ ಮುಂದಕ್ಕ ತಳ್ಳು.”

“ಯಾಕ್ ಸ್ವಾಮಿ?”

“ಚಿತ್ತಪ್ಪ ಸತ್ತಾಗ ಕಾಲಾಗಿದ್ದದ್ದು ಅವನ ಬೂಟಲ್ಲ. ಒಂದು ಬೆರಳಿಗಿಂತ ಜಾಸ್ತಿ ಸಣ್ಣದು, ನಿನ್ನ ಅಳತಿದು. ಹಂಗಾರ ಅವನ ಬೂಟು ಯಾರ ಕಾಲಾಗಿರಬೇಕು, ನೀನ ಹೇಳು.”

ಜಯಣ್ಣನ ಮುಖ ಬಿಳುಚಿತು. “ಚಿತ್ತಣ್ಣನ್ನ ನಾನು…? ಒಂದೇ ತಟ್ಟೇಲಿ ಮುದ್ದೆ ಮುರ್ದಿದ್ದೀವಿ ಸ್ವಾಮಿ.”

“ಅವನಿಲ್ಲ ಅಂದ್ರ ಹಿಮಾಲಯ ನಿನಗ.”

“ಹಿಮಾಲಯ ಬೇಕಾಗಿತ್ತು. ಸುಳ್ಳು ಹೇಳಾಕಿಲ್ಲ. ರಾತ್ರಿಯೆಲ್ಲಾ ಬೇಕು ಅನ್ನಿಸ್ತಿತ್ತು. ಅದ್ಕೆ ಹಿಂಗಾ?” ಅವನು ಪಾದವನ್ನು ಬೂಟಿನ ತುದಿಗೆ ತಳ್ಳಿದ. “ಹಾಕಿ ಸ್ವಾಮಿ ಬೆರಳು. ಓಬಯ್ಯ ಹಾಕ್ದಂಗೇ ಹಾಕಿ.”

ನರಸಪ್ಪ ಮಂಡಿಯೂರಿ ಅವನ ಹಿಮ್ಮಡಿಯ ಹಿಂದೆ ತೋರುಬೆರಳು ಇಳಿಸಿದ. ಎರಡನೆಯ ಬೆರಳಿಗೂ ಜಾಗ ಸಿಗುತ್ತದೆಂದು ಅವನು ಕಾದಿದ್ದ. ಸಿಗಲಿಲ್ಲ. ಇನ್ನೊಂದು ಕಾಲಿಗೂ ನೋಡಿದ. ಕಾಲುಚೀಲ ಬಿಚ್ಚಿಸಿದ. ಹಿಮ್ಮಡಿಯಲ್ಲಿ ಬೊಬ್ಬೆಯ ಗುರುತಿಲ್ಲ, ಉಗುರಲ್ಲಿ ಕಪ್ಪಿಲ್ಲ. ಬೂಟಿನೊಳಕ್ಕೆ ಕಾಗದದ ಪಾದ ತಳ್ಳಿದ. ತುದಿಯಲ್ಲಿ ಅದೂ ಬಾಗಿತು.

ಜಯಣ್ಣನ ಬೂಟು ಜಯಣ್ಣನದೇ.

“ಹಂಗಾರ ಠಾಣೆದಾಗ ಇರೋದು ಯಾರದು?” ನರಸಪ್ಪ ತನ್ನನ್ನೇ ಕೇಳಿಕೊಂಡಂತೆ ಕೇಳಿದ.

“ಪೆಟ್ಟಿಗೇಲಿ ಮೂರು ಜೊತೆ ಬಂದಿದ್ವಲ್ಲ ಸ್ವಾಮಿ,” ಎಂದ ಜಯಣ್ಣ ಕಣ್ಣೊರೆಸಿಕೊಳ್ಳುತ್ತ. “ನನ್ನ ಅಳತೇವೇ ಎರಡು. ಒಂದು ನಂಗೆ ಕೊಟ್ಟು ಇನ್ನೊಂದು ಮಿಕ್ತು. ಅದು ಮೇಸ್ತ್ರಿ ಹತ್ರಾನೇ ಇತ್ತು.”

“ಉಚ್ಚಂಗೆಪ್ಪನ ಹತ್ರ?”

“ಹೂಂ. ಅವತ್ತು ಚಿತ್ತಣ್ಣ ಬರಿಗಾಲಲ್ಲೇ ಹತ್ತುತೀನಿ ಅಂತಿದ್ದ. ಮೇಸ್ತ್ರೀನೇ ಒಳಕ್ಕೆ ಕರ್ದ. ಆಚೆ ಬರೋವಾಗ ಕಾಲಲ್ಲಿ ಬೂಟಿತ್ತು. ಅವಂದೇ ಅನ್ಕೊಂಡೆ. ಎಲ್ಲಾ ಒಂದೇ ತರ ಅಲ್ವಾ ಸ್ವಾಮಿ ನೋಡಾಕೆ.”

“ಅವನ ಸ್ವಂತ ಬೂಟು ಎಲ್ಲಿ ಹೋಗಿತ್ತು?”

ಉತ್ತರ ಬಂದದ್ದು ಬಾಗಿಲಿನಿಂದ.

“ಮೇಸ್ತ್ರೀನೂ ಇದ್ನೇ ಕೇಳ್ದ ಕಣಪ್ಪ,” ಎಂದಳು ಕದಿರಮ್ಮ. “ಮೊನ್ನೆ ಸಂಜೆ ಬಂದಿದ್ದ. ‘ನಿನ್ ಮಗನ ಎಕ್ಕಡ ಎಲ್ಲವ್ವಾ? ದೊರೆ ಕೇಳ್ತವ್ನೆ’ ಅಂದ.”

ನರಸಪ್ಪ ನಿಧಾನವಾಗಿ ತಲೆಯೆತ್ತಿದ.

“ಏನಂದ? ಅವನಂದ ಮಾತು ಅಂದಂಗೇ ಅನ್ನವ್ವಾ.”

“ಎಕ್ಕಡ ಎಲ್ಲವ್ವಾ ಅಂದ. ಯಾಕಪ್ಪ?”

“ಅವನು ಬಳ್ಳಾರಿ ಕಡೆಯಾಂವ. ಆ ಮಾತು ಅವನಿಗೆ ಹೆಂಗ ಗೊತ್ತು?”

“ಗೊತ್ತಿಲ್ದೆ ಏನು? ನಮ್ ಪಕ್ಕದ ರೊಳ್ಳದ ಅಳಿಯ ಕಣಪ್ಪ ಅವ್ನು. ಹತ್ತು ವರ್ಷ ಹೆಂಡ್ತಿ ಮನೇಲೇ ಉಂಡವ್ನೆ. ನಮ್ ಮಾತು ನಮ್ಗಿಂತ ಚೆನ್ನಾಗಾಡ್ತಾನೆ.”

ಬೆಟ್ಟದ ಬುಡದಲ್ಲಿ ಪಕ್ಕದಲ್ಲೇ ಮಂಡಿಯೂರಿದ್ದವನು. ಎಲ್ಲಿ ಅಂತ ಕೇಳ್ತಾನ್ರಿ ಸಾಹೇಬ್ರ. ಎರಡು ಅರ್ಥವೂ ತಿಳಿದಿದ್ದವನು, ತನಗೆ ಬೇಕಾದದ್ದನ್ನು ಎತ್ತಿ ನರಸಪ್ಪನ ಕಿವಿಗೆ ಹಾಕಿದ್ದ. ತಾನು ತೊಡಿಸಿದ ಸಣ್ಣ ಬೂಟಿನ ವಿಷಯ ಹೊರಬೀಳದಿರಲೆಂದು; ದಿಕ್ಸೂಚಿಯ ಮಾತೂ ಅವನೊಬ್ಬನದೇ.

“ನೀನು ಅವನಿಗೆ ಏನು ಹೇಳಿದಿ?”

ಕದಿರಮ್ಮ ಒಳಗೆ ಹೋಗಿ ಬುಟ್ಟಿಯಿಂದ ಒಂದು ಕಾರ್ಡು ತಂದಳು. ಮಗ ಸತ್ತ ಮೂರನೆಯ ದಿನ ಟಪಾಲಿನಲ್ಲಿ ಬಂದ ಕಾರ್ಡು. ಅವಳಿಗೆ ಓದು ಬಾರದು. ಮಡಿಚಿ ಮಡಿಚಿ ಅಂಚು ಸವೆದಿತ್ತು. ಜಯಣ್ಣ ಅದನ್ನು ಎಷ್ಟು ಸಲ ಓದಿ ಹೇಳಿದ್ದನೋ, ನೋಡದೆಯೇ ಹೇಳಿದ:

“‘ಹಿಮ್ಮಡಿಗೆ ಮೆತ್ತಗಿರಲಿ ಅಂತ ಗುಮ್ಮಘಟ್ಟದ ಪಾಲಮ್ಮನ ಹತ್ತಿರ ಬೂಟು ಬಿಟ್ಟಿದ್ದೇನೆ. ಒಳಗೆ ಎಳೆ ಉಣ್ಣೆಯ ಕಂಬಳಿ ಹೊಲಿದು ಕೊಡುತ್ತಾಳೆ. ನೀನು ಚಿಂತೆ ಮಾಡಬೇಡ ಅವ್ವ, ನನ್ನ ಕಾಲು ಚೆನ್ನಾಗಿವೆ.’”

“ಹೊಲಿಸ್ಕೊಂಡು ವಾಪಸ್ ತಂದವ್ನೆ ಅನ್ಕೊಂಡಿದ್ದೆ ಸ್ವಾಮಿ,” ಎಂದ. ಒಳಗೆ ತಟ್ಟೆಗಳಲ್ಲಿ ಹುಳ ಸೊಪ್ಪು ತಿನ್ನುವ ಸದ್ದು ಸಣ್ಣ ಮಳೆಯಂತೆ ಕೇಳುತ್ತಿತ್ತು.

“ಇದ್ದದ್ದು ಇದ್ದಂಗೆ ಹೇಳ್ದೆ ಕಣಪ್ಪ,” ಎಂದಳು ಮುದುಕಿ. “ಪಾಲಮ್ಮನ ಹತ್ರ ಐತಂತೆ, ಹೋಗಿ ಇಸ್ಕಳಪ್ಪ ಅಂದೆ. ತಪ್ಪಾಯ್ತಾ?”

ಕಂಬಳಿ ತುಂಡು, ಎಂದಿದ್ದಳು ಪಾಲಮ್ಮ. ಈಗ ಅದೆಲ್ಲ ಬ್ಯಾಡ, ಎಂದಿದ್ದ ಅವನು. ಮುಚ್ಚಿಡಬ್ಯಾಡ, ಎದುರು ಮಾತಾಡಬ್ಯಾಡ. ಗಂಡನನ್ನು ಬಿಡಿಸಬಲ್ಲ ಆ ಜೊತೆ ಬೂಟು ಅವಳ ಮನೆಯಲ್ಲಿತ್ತು. ಕೇಳಿ ಬಂದವನಿಗೆ ಎರಡೂ ಕೈಯಿಂದ ಎತ್ತಿ ಕೊಡಲು ಹೇಳಿ ಬಂದವನು ನರಸಪ್ಪನೇ. ಕೆಂಪು ರುಮಾಲಿನವನು ನಿನ್ನೆ ಸಂಜೆಯೇ ರಾಯದುರ್ಗ ಸೇರಿದ್ದಾನೆ. ಈ ಹೊತ್ತಿಗೆ ಗುಮ್ಮಘಟ್ಟದ ದಾರಿ ಹಿಡಿದಿರಬೇಕು, ಇಲ್ಲವೇ ಅವಳ ಬಾಗಿಲಲ್ಲೇ ನಿಂತಿರಬೇಕು.

“ರಾಯದುರ್ಗದ ಠಾಣೆಗೆ ತಂತಿ ಕೊಡಬೇಕು. ಮಡಕಶಿರದ ತಂತಿ ಆಫೀಸು ಎಷ್ಟೊತ್ತಿಗೆ ಮುಚ್ತಾರ?”

“ಶನಿವಾರ ಅಲ್ವಾ ಸ್ವಾಮಿ ಇವತ್ತು, ಮಧ್ಯಾಹ್ನಕ್ಕೇ ಮುಚ್ತಾರೆ,” ಎಂದ ಜಯಣ್ಣ, ಬಿಸಿಲನ್ನು ನೋಡಿ. “ಗಾಡೀಲಿ ಹೋದ್ರೆ ಸಿಕ್ಕಾಕಿಲ್ಲ.”

ನರಸಪ್ಪ ಅಷ್ಟರಲ್ಲಿ ಜಗಲಿಯಿಂದ ಹಾರಿದ್ದ. ಬೀದಿ ದಾಟಿ, ಗಾಡಿಯ ಕಡೆ ತಿರುಗಿಯೂ ನೋಡದೆ, ಗಾಡಿಯವನನ್ನೂ ಕೂಗದೆ, ಹೊಲದ ಅಡ್ಡದಾರಿಗೆ ಬಿದ್ದು ಓಡತೊಡಗಿದ್ದ. ಕಾದ ಕಲ್ಲು ಅಂಗಾಲಿಗೆ ಚುಚ್ಚಿದಾಗಲೇ ಬರಿಗಾಲಲ್ಲಿದ್ದೇನೆಂದು ಅವನಿಗೆ ತಿಳಿದದ್ದು.

ಹಿಂದಿನಿಂದ ಮುದುಕಿಯ ಕೂಗು ಬೆನ್ನಟ್ಟಿ ಬಂತು.

“ಸ್ವಾಮೀ! ಎಕ್ಕಡ! ಎಕ್ಕಡ!”

ಈ ಸಲ ಅವನಿಗೆ ಅರ್ಥವಾಯಿತು. ಆದರೂ ನಿಲ್ಲಲಿಲ್ಲ.